ಆ ಎರಡು ವಾರಗಳು ಎಲ್ಲಿ ಹೋದವು?

ಲೇಖಕಿಯವರಿಗೆ ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ, 38ರ ವಯಸ್ಸಿನಲ್ಲಿ ಬಸುರಾದ ಹೆಂಗಸು. ಹನ್ನೆರಡನೇ ವಾರದ ರಕ್ತಪರೀಕ್ಷೆ, ಸ್ಕ್ಯಾನಿಂಗ್ ನೋಡಿದ ವೈದ್ಯರು ‘ಮಗುವಿಗೆ ಡೌನ್ ಸಿಂಡ್ರೋಮ್ ಇದೆ’ ಎನ್ನುತ್ತಾರೆ; ಅಂದರೆ ಒಂದು ಕ್ರೋಮೋಸೋಮು ಹೆಚ್ಚಾಗಿದ್ದು, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ. ಮುಂದಿನ ಪುಟದಲ್ಲಿ ಗರ್ಭಪಾತ. ಕೊನೆಯಲ್ಲಿ, ವಿಜ್ಞಾನ ವರವೋ ಶಾಪವೋ ಎಂದು ನಿಮ್ಮದೇ ದನಿಯಲ್ಲಿ ಒಂದು ಪುಟ.

ಯಾವ ವೈದ್ಯರೂ ಆ ಹಂತದಲ್ಲಿ ‘ಇದೆ’ ಎನ್ನಲಾರರು. ಅದು ಜರಡಿ ಹಿಡಿಯುವ ಪರೀಕ್ಷೆ ಅಷ್ಟೆ. ವರದಿಯಲ್ಲಿ ಬರುವುದು ‘60ರಲ್ಲಿ 1’ ಎಂಬಂತಹ ಒಂದು ಸಂಖ್ಯೆ. ಅಂತಹ ವರದಿ ಕೈಗೆ ಬಂದ 60 ತಾಯಂದಿರಲ್ಲಿ 59 ಮಂದಿಯ ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ತಾಯಿಯ ರಕ್ತದಲ್ಲಿ ಸಿಗುವ ಡಿಎನ್‌ಎ ಚೂರುಗಳನ್ನು ನೋಡುವ ಹೊಸ ಪರೀಕ್ಷೆ ಇನ್ನೂ ನಿಖರ; ಆದರೆ ಆ ಚೂರುಗಳು ಬರುವುದು ಮಾಸಿನಿಂದ (ಪ್ಲಾಸೆಂಟಾ), ನೇರವಾಗಿ ಮಗುವಿನಿಂದಲ್ಲ. ಹಾಗಾಗಿ ಅದೂ ಕೊನೆಯ ಮಾತಲ್ಲ. ನಿಮ್ಮ ನಾಯಕಿ ಆ ಸಂಖ್ಯೆಯನ್ನು ಹೇಗೆ ಓದಿದಳು? ಅವಳ ಅತ್ತೆ ಹೇಗೆ ಓದಿದರು? ಒಂದೇ ಕಾಗದ ನೋಡಿ ಒಬ್ಬರಿಗೆ ಧೈರ್ಯ ಬರುತ್ತದೆ, ಇನ್ನೊಬ್ಬರ ಎದೆ ಒಡೆಯುತ್ತದೆ.

ಖಚಿತವಾಗಬೇಕಾದರೆ ಆಮ್ನಿಯೋಸೆಂಟೆಸಿಸ್‌ನಂತಹ ಪರೀಕ್ಷೆ ಆಗಬೇಕು. ಅದು ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ಹದಿನಾರನೇ ವಾರದ ಹೊತ್ತಿಗೆ, ಸ್ಕ್ಯಾನಿಂಗ್ ಪರದೆಯಲ್ಲಿ ಮಗು ಎಲ್ಲಿದೆ ಎಂದು ನೋಡಿಕೊಳ್ಳುತ್ತ, ಹೊಟ್ಟೆಯ ಮೇಲಿನಿಂದ ತೆಳುವಾದ ಉದ್ದ ಸೂಜಿ ಇಳಿಸಿ ಗರ್ಭದ ನೀರನ್ನು ನಾಲ್ಕು ಚಮಚೆಯಷ್ಟು ತೆಗೆಯುತ್ತಾರೆ. ತಿಳಿಹಳದಿ ಬಣ್ಣದ ನೀರು. ಈ ಸೂಜಿಯಿಂದಲೇ ಗರ್ಭ ಕಳೆದುಹೋಗುವ ಅಪಾಯ ನುರಿತ ಕೈಯಲ್ಲಿ ಶೇಕಡಾ ಅರ್ಧಕ್ಕೂ ಕಡಿಮೆ. ಆದರೆ ಹನ್ನೊಂದು ವರ್ಷ ಕಾದವಳಿಗೆ ಆ ಅರ್ಧ ಎಷ್ಟು ದೊಡ್ಡದು!

ಆಮೇಲೆ ಕಾಯಬೇಕು. ಕೆಲವು ಉತ್ತರಗಳು ಎರಡು ಮೂರು ದಿನದಲ್ಲೇ ಬರುತ್ತವೆ. ಜೀವಕೋಶಗಳನ್ನು ಬೆಳೆಸಿ ಕ್ರೋಮೋಸೋಮುಗಳನ್ನು ಎಣಿಸುವ ಪೂರ್ತಿ ವರದಿಗೆ ಸುಮಾರು ಎರಡು ವಾರ. ನಮ್ಮ ಮನೆಯಲ್ಲೂ ಅಂತಹ ಎರಡು ವಾರ ಕಳೆದಿವೆ. ನನ್ನ ತಂಗಿ ಮೊಬೈಲನ್ನು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದಳು, ಗಂಟೆಗೊಮ್ಮೆ ಚಾರ್ಜ್ ನೋಡುತ್ತಿದ್ದಳು, ಆದರೆ ಅದು ಹೊಡೆದುಕೊಂಡಾಗ ತಾನು ಎತ್ತುತ್ತಿರಲಿಲ್ಲ, ಬೇರೆಯವರೇ ಎತ್ತಬೇಕಿತ್ತು. ವರದಿ ಬರುವಷ್ಟರಲ್ಲಿ ಹದಿನೆಂಟನೇ ವಾರ. ಚೊಚ್ಚಲ ಬಸುರಿಗೆ ಮಗು ಮೊದಲ ಸಲ ಮಿಸುಕಾಡಿದ್ದು ತಿಳಿಯುವುದೂ ಹೆಚ್ಚುಕಡಿಮೆ ಆಗಲೇ. ಇತ್ತ ಕಾನೂನಿನ ಲೆಕ್ಕವೂ ಓಡುತ್ತಿರುತ್ತದೆ: 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಅದು ದಾಟಿದರೆ 24 ವಾರದವರೆಗೆ ಇಬ್ಬರದು ಬೇಕು. ಇಷ್ಟನ್ನೂ ನೀವು ‘ಕೆಲವು ದಿನಗಳ ನಂತರ’ ಎಂಬ ಮೂರು ಪದಗಳಲ್ಲಿ ಮುಗಿಸಿದ್ದೀರಿ. ನನಗೆ ನಿಜಕ್ಕೂ ಬೇಸರವಾದದ್ದು ಅಲ್ಲಿ.

ಇನ್ನೊಂದು ಮಾತು. ಪರೀಕ್ಷೆ ಮಾಡಿಸುವುದೆಂದರೆ ಮಗುವನ್ನು ಬೇಡವೆನ್ನುವುದು ಎಂದೇ ನಿಮ್ಮ ಕಥೆ ನಂಬಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಮೊದಲೇ ಗೊತ್ತಿದ್ದರೆ ಮಕ್ಕಳ ಹೃದಯ ಚಿಕಿತ್ಸೆ ಇರುವ ಊರಿನಲ್ಲೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಬಹುದು. ಹೆರಬೇಕೆಂದೇ ಪರೀಕ್ಷೆ ಮಾಡಿಸಿಕೊಳ್ಳುವ ತಾಯಂದಿರೂ ಇದ್ದಾರೆ. ಆದರೆ ಆ ಮಗು ಎಷ್ಟು ಮಾತಾಡೀತು, ಎಷ್ಟು ಕಲಿತೀತು ಎಂಬುದನ್ನು ಯಾವ ವರದಿಯೂ ಹೇಳುವುದಿಲ್ಲ. ನಿಮ್ಮ ವೈದ್ಯರು ಅದನ್ನೂ ಹೇಳಿಬಿಟ್ಟಿದ್ದಾರೆ.

ಅವರು ‘ಹೆಣ್ಣು ಮಗು’ ಎಂದೂ ಹೇಳುತ್ತಾರೆ. ಆ ಸಾಲನ್ನು ತೆಗೆಯಿರಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಪ್ರಕಾರ ಅದು ಅಪರಾಧ. ವೈದ್ಯರು ಕಾನೂನು ಮುರಿಯುವವರೆಂದು ತೋರಿಸುವುದಿದ್ದರೆ ಅದೇ ಬೇರೆ ಕಥೆಯಾಗುತ್ತದೆ.

ಉಳಿಸಿಕೊಳ್ಳಲೇಬೇಕಾದ ಸಾಲು ಇದು: ‘ಹೊಟ್ಟೆಯ ಮೇಲಿನ ಜೆಲ್ ಒರೆಸಲು ಗಂಡ ಕರ್ಚೀಫು ತೆಗೆದ, ಒರೆಸಬಹುದೋ ಬಾರದೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತ.’ ಇದನ್ನು ಬರೆದವರಿಗೆ ಆ ಎರಡು ವಾರಗಳನ್ನೂ ಬರೆಯಲು ಬರುತ್ತದೆ. ಕೊನೆಯ ಪುಟವನ್ನು ಹರಿದುಹಾಕಿ, ಅವನನ್ನು ಆ ಕರ್ಚೀಫಿನ ಜೊತೆಗೇ ಮನೆಗೆ ಕರೆತನ್ನಿ. ಬರೆದಾದ ಮೇಲೆ ನನ್ನ ಹೆಸರಿಗೇ ಕಳುಹಿಸಿ.

ನಿಮ್ಮ,
ಸಂಪಾದಕ