ಆ ರಾತ್ರಿ ಕೈಕಾಲು ಆಡಲಿಲ್ಲವೇಕೆ?

ಪ್ರಶ್ನೆ: ಕೆಲವು ತಿಂಗಳ ಹಿಂದೆ, ರಾತ್ರಿ ಕರೆಂಟು ಹೋಗಿದ್ದ ಹೊತ್ತಿನಲ್ಲಿ, ನನ್ನ ತಾಯಿಯವರ ಕೈಮೇಲೆ ಕುದಿಯುವ ನೀರು ಚೆಲ್ಲಿತು. ನನಗೆ ದಿಕ್ಕೇ ತೋಚದೆ ನಿಂತುಬಿಟ್ಟೆ; ತಮ್ಮನೇ ಓಡಿಬಂದು ಎಲ್ಲವನ್ನೂ ನೋಡಿಕೊಂಡ. ಗಾಯ ಮಾಗಿದೆ. ಆದರೆ ಅಂದಿನಿಂದ ಬೆಂಕಿ, ಅಪಘಾತ, ಕೆಲಸ ಕಳೆದುಕೊಳ್ಳುವುದು ಎಂದು ಒಂದಲ್ಲ ಒಂದು ಕೇಡಿನ ಯೋಚನೆ ಕಾಡುತ್ತಿದೆ. ಸದಾ ಭಯದಲ್ಲೇ ಇರದೆ ಇಂಥವಕ್ಕೆ ಸಿದ್ಧಳಾಗುವುದು ಹೇಗೆ?
– ಹೆಸರು ಬೇಡವೆಂದ ಓದುಗರು

ಉತ್ತರ: ನೀವು ನಿಂತುಬಿಟ್ಟದ್ದನ್ನು ಹೇಡಿತನವೆಂದು ದಯವಿಟ್ಟು ತಿಳಿಯಬೇಡಿ. ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್ ಏರಿ, ಎದೆಬಡಿತ ಹೆಚ್ಚಿ, ಹೊಸದಾಗಿ ಯೋಚಿಸಿ ತೀರ್ಮಾನಿಸುವ ಶಕ್ತಿ ಕುಗ್ಗುತ್ತದೆ. ಆಗ ನೆರವಿಗೆ ಬರುವುದು ಹೆಚ್ಚಾಗಿ ಮೊದಲೇ ನಿರ್ಧರಿಸಿಟ್ಟ, ಒಮ್ಮೆಯಾದರೂ ಮಾಡಿನೋಡಿದ ಕೆಲಸವೇ.

ಚಿಂತೆಯು ‘ಹೀಗಾದರೆ?’ ಎಂದು ಕೇಳಿ ಅಲ್ಲಿಯೇ ಸುತ್ತುತ್ತಿರುತ್ತದೆ. ಆ ವಾಕ್ಯವನ್ನು ನೀವು ಪೂರ್ತಿ ಮಾಡಬೇಕು. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಸಂದರ್ಭವನ್ನೂ ಕೆಲಸವನ್ನೂ ಜೋಡಿಸಿಟ್ಟುಕೊಂಡವರು, ಬರಿಯ ಸಂಕಲ್ಪ ಮಾಡಿಕೊಂಡವರಿಗಿಂತ ಹೆಚ್ಚಾಗಿ ಅದನ್ನು ನಡೆಸುತ್ತಾರೆಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಅಧ್ಯಯನಗಳು ತೋರಿಸಿವೆ. ನಿಮ್ಮನ್ನು ಕಾಡುತ್ತಿರುವ ಘಟನೆಯಿಂದಲೇ ಆರಂಭಿಸಿ: ಸುಟ್ಟರೆ ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುತ್ತೇನೆ, ಐಸಾಗಲಿ, ಬೆಣ್ಣೆಯಾಗಲಿ, ಟೂತ್‌ಪೇಸ್ಟಾಗಲಿ ಹಚ್ಚುವುದಿಲ್ಲ, ಗಾಯ ಅಂಗೈಗಿಂತ ದೊಡ್ಡದಿದ್ದರೆ ವೈದ್ಯರಲ್ಲಿಗೆ ಹೋಗುತ್ತೇನೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚುತ್ತೇನೆ, ನೀರು ಹಾಕುವುದಿಲ್ಲ. ನೀರು ಎಣ್ಣೆಯ ತಳಕ್ಕಿಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಕಾರಣ ತಿಳಿದಿದ್ದರೆ ಸೂಚನೆ ಮರೆಯುವುದಿಲ್ಲ.

ಇನ್ನು, ಬರೆದಿಟ್ಟರಷ್ಟೇ ಸಾಲದು, ಕೈಯಿಂದ ಮುಟ್ಟಿ ನೋಡಬೇಕು. ಒಮ್ಮೆ ನನ್ನ ಮನೆಯಲ್ಲಿ ಪೈಪು ಒಡೆದಾಗ, ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ವರ್ಷಗಟ್ಟಲೆ ತಿರುಗಿಸದೆ ಅದು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಟಾರ್ಚ್ ತೆಗೆದರೆ ಒಳಗಿನ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಅಂದಿನಿಂದ ಮೂರು ತಿಂಗಳಿಗೊಮ್ಮೆ ವಾಲ್ವನ್ನು ತಿರುಗಿಸಿ, ಸೆಲ್ಲುಗಳನ್ನು ನೋಡಿ, ಕತ್ತಲಲ್ಲಿ ತಡವುತ್ತ ಟಾರ್ಚಿನವರೆಗೆ ಒಮ್ಮೆ ನಡೆದುಹೋಗುತ್ತೇನೆ. ಮುಖ್ಯವಾದ ಫೋನ್ ನಂಬರುಗಳು ಕಾಗದದ ಮೇಲೂ ಇರಲಿ. ಮೊಬೈಲಿನ ಚಾರ್ಜು ಮುಗಿದರೆ ನಂಬರುಗಳೂ ಅದರೊಂದಿಗೇ ಕೈತಪ್ಪುತ್ತವೆ.

ಕೆಲಸ ಹೋಗುವ ಭಯಕ್ಕೂ ಇದೇ ದಾರಿ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಹಣ ಬದಿಗಿಡಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಅಷ್ಟು ದೂರದ ಗುರಿ ಕಂಡು ಕೈಚೆಲ್ಲುವುದಕ್ಕಿಂತ ಮೊದಲು ಒಂದು ತಿಂಗಳಿನದನ್ನು ಕೂಡಿಸುವುದು ಮೇಲೆಂದು ನನ್ನ ಅಭಿಪ್ರಾಯ. ಅದಕ್ಕಿಂತಲೂ ತುರ್ತಿನದು, ವರಮಾನ ನಿಂತ ದಿನವೇ ಯಾವ ಖರ್ಚು ನಿಲ್ಲಿಸುವಿರೆಂಬ ಪಟ್ಟಿ. ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿಯೇ ಅದನ್ನು ಮನೆಯವರೆಲ್ಲ ಕೂಡಿ ಬರೆಯಬೇಕು.

ಕೇಡಿನ ಯೋಚನೆ ಬಂದಾಗಲೆಲ್ಲ ಅದನ್ನು ಒಂದು ಸಾಲಿನಲ್ಲಿ ಬರೆದು, ನಿಮ್ಮಿಂದಾಗುವ ಒಂದು ಕೆಲಸವನ್ನು ಎದುರಿಗೆ ಬರೆಯಿರಿ. ಏನೂ ಮಾಡಲಾಗದಂಥವೂ ಉಳಿಯುತ್ತವೆ. ಅವುಗಳ ಎದುರಿಗಿನ ಜಾಗ ಖಾಲಿಯೇ ಇರಲಿ. ಇಷ್ಟಾಗಿಯೂ ವಾರಗಟ್ಟಲೆ ನಿದ್ದೆ ಕೆಟ್ಟು, ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಸಂಕೋಚವಿಲ್ಲದೆ ಮನೋವೈದ್ಯರನ್ನು ಕಾಣಿರಿ.

ಮತ್ತೊಂದು ಮಾತು. ಅಂದು ತಮ್ಮನಿಗೆ ಮೊದಲು ಹೊಳೆದದ್ದೇನು, ಅದನ್ನು ಎಲ್ಲಿ ಕಲಿತಿದ್ದನೆಂದು ನೀವು ಕೇಳಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಕೇಳದಿದ್ದರೆ ತಾಯಿಯವರ ಎದುರಿನಲ್ಲೇ ಕೇಳಿ, ಅವನು ಹೇಳಿದ್ದನ್ನು ನಿಮ್ಮ ಕೈಯಿಂದ ಒಮ್ಮೆ ಮಾಡಿ ತೋರಿಸಿ.