ಮೀ, ಸೆಂಮೀ, ಮಿಮೀ ಹೋಲಿಸುವುದು ಮತ್ತು ಡ್ರಾಯರ್ ನಕ್ಷೆಯ ≤ ಗುರುತು

ನೀವು ಕೇಳಿದ್ದು ಎರಡು. 1.2 ಮೀ, 118 ಸೆಂಮೀ, 1185 ಮಿಮೀ ಈ ಮೂರು ಮರದ ಪಟ್ಟಿಗಳಲ್ಲಿ ಉದ್ದದ್ದು ಯಾವುದು ಎನ್ನುವುದು ಒಂದು. ನಕ್ಷೆಯಲ್ಲಿ ಬರೆದಿರುವ "25.4 ≤ ಸಂದು ≤ 27" ಎಂದರೇನು ಎನ್ನುವುದು ಇನ್ನೊಂದು.

ಮೊದಲನೆಯದು ಸುಲಭ. ಏನೇ ಹೋಲಿಸುವ ಮುಂಚೆ ಎಲ್ಲವನ್ನೂ ಮಿಮೀಗೆ ತನ್ನಿ. ಮೀಟರನ್ನು 1000ದಿಂದ, ಸೆಂಮೀಯನ್ನು 10ರಿಂದ ಗುಣಿಸಿ. 1200, 1180, 1185 ಸಿಗುತ್ತದೆ. ಅಂದರೆ 1180 < 1185 < 1200. ನೀವು ಉದ್ದದ್ದು ಎಂದು ಗುರುತು ಹಾಕಿದ 1185 ನಡುವಿನದು. ಅಂಕಿ ದೊಡ್ಡದಾಗಿ ಕಂಡಿತು ಅಷ್ಟೇ. ದಶಾಂಶದಲ್ಲೂ ಇದೇ ಮೋಸ: 1.25 ಮೀ ನೋಡಲು 1.3 ಮೀಗಿಂತ ದೊಡ್ಡದೆನಿಸುತ್ತದೆ, ಆದರೆ 1250 < 1300. 1.05 ಮೀ ಎಂದರೆ 1050, 1.5 ಮೀ ಎಂದರೆ 1500. ಆ ಸೊನ್ನೆ ಬಿಟ್ಟು ಬರೆದರೆ 450 ಮಿಮೀ ವ್ಯತ್ಯಾಸ.

ಗುರುತಿನ ಚೂಪು ತುದಿ ಚಿಕ್ಕದರ ಕಡೆ, ತೆರೆದ ಬಾಯಿ ದೊಡ್ಡದರ ಕಡೆ. ಕೆಳಗೆ ಗೆರೆ ಇದ್ದರೆ ಸಮವಾದರೂ ನಡೆಯುತ್ತದೆ.

ಈಗ ಡ್ರಾಯರ್. ಬದಿಗೆ ಕೂರಿಸುವ ಬಾಲ್ ಬೇರಿಂಗ್ ಚಾನೆಲ್‌ಗೆ (ಡ್ರಾಯರ್ ಜಾರುವ ಲೋಹದ ಹಳಿ) ಸಾಮಾನ್ಯವಾಗಿ ಒಂದೊಂದು ಬದಿಗೆ 12.7 ಮಿಮೀ ಜಾಗ ಬೇಕು, ಎರಡೂ ಸೇರಿ 25.4. ನಿಮ್ಮ ನಕ್ಷೆ ಹೇಳುವುದು ಇಷ್ಟು: ಒಟ್ಟು ಸಂದು 25.4ಕ್ಕಿಂತ ಕಡಿಮೆಯಾಗಬಾರದು, 27 ಮೀರಬಾರದು. ಕಡಿಮೆಯಾದರೆ ಡ್ರಾಯರ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಚಾನೆಲ್ ಎಳೆದಂತಾಗಿ ಅಲುಗಾಡುತ್ತದೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಂದು = ಪೆಟ್ಟಿಗೆಯ (ಡ್ರಾಯರ್ ಒಳಗೆ ಕೂರುವ ಚೌಕಟ್ಟಿನ) ಒಳ ಅಗಲ − ಡ್ರಾಯರ್ ಅಗಲ. ಡ್ರಾಯರ್ ದೊಡ್ಡದಾದಷ್ಟೂ ಸಂದು ಚಿಕ್ಕದು, ಹಾಗಾಗಿ ಮಿತಿಗಳು ತಿರುಗುಮುರುಗಾಗುತ್ತವೆ. ಒಳ ಅಗಲ 500 ಇದ್ದರೆ ಸಂದು ≥ 25.4 ಎಂಬುದು ಡ್ರಾಯರ್ ≤ 474.6 ಆಗುತ್ತದೆ, ಸಂದು ≤ 27 ಎಂಬುದು ಡ್ರಾಯರ್ ≥ 473 ಆಗುತ್ತದೆ. ಒಟ್ಟಿಗೆ ಬರೆದರೆ 473 ≤ ಡ್ರಾಯರ್ ≤ 474.6. ಟೇಪಿನಲ್ಲಿ 1 ಮಿಮೀಗಿಂತ ಸಣ್ಣ ಗೆರೆ ಇಲ್ಲದಿರುವುದರಿಂದ ಅಂಚಿನ ಅಂಕಿಗೆ ಕೈ ಹಾಕಬೇಡಿ, 474ಕ್ಕೆ ಮಾಡಿ.

ಒಳ ಅಗಲವನ್ನು ಒಂದೇ ಕಡೆ ಅಳೆದು ಬಿಡಬೇಡಿ. ಮುಂದೆ, ಹಿಂದೆ ಎರಡೂ ಕಡೆ, ಚಾನೆಲ್ ಕೂರುವ ಎತ್ತರದಲ್ಲೇ ಅಳೆಯಿರಿ. ಮುಂದೆ 500, ಹಿಂದೆ 498.5 ಬಂದಿತೆನ್ನಿ. ದೊಡ್ಡ ಮಿತಿಯನ್ನು ಚಿಕ್ಕ ಅಳತೆಯಿಂದ ಲೆಕ್ಕ ಹಾಕಬೇಕು: 498.5 − 25.4 = 473.1. ಚಿಕ್ಕ ಮಿತಿಯನ್ನು ದೊಡ್ಡ ಅಳತೆಯಿಂದ: 500 − 27 = 473. ಉಳಿದ ಜಾಗ 0.1 ಮಿಮೀ, ಅಷ್ಟು ನಿಖರವಾಗಿ ಮರ ಕೊಯ್ಯಲಾಗದು. ಡ್ರಾಯರ್ ತಿದ್ದುವ ಕೆಲಸ ಇದಲ್ಲ, ಪೆಟ್ಟಿಗೆಯ ಬದಿಗಳನ್ನೇ ಸಮಾಂತರಕ್ಕೆ ತರಬೇಕು.

ಪ್ಲೈವುಡ್ ದಪ್ಪವನ್ನೂ ಕ್ಯಾಲಿಪರ್‌ನಲ್ಲಿ ನೋಡಿಕೊಳ್ಳಿ. 18 ಎಂದು ನಂಬಿ ಡ್ರಾಯರ್‌ನ ಎರಡು ಬದಿಗಳ ನಡುವಿನ ತುಂಡನ್ನು 438ಕ್ಕೆ ಕೊಯ್ದರೆ 438 + 18 + 18 = 474. ಹಲಗೆ ನಿಜಕ್ಕೂ 17.5 ಇದ್ದರೆ ಡ್ರಾಯರ್ 473ಕ್ಕೆ ಇಳಿದು, ಸಂದು ನೇರ 27ರ ಅಂಚಿಗೆ ಹೋಗುತ್ತದೆ.

ಕೊಯ್ಯುವ ಮುಂಚೆಯೂ ಒಂದು ಅಸಮತೆ ಬರೆದುಕೊಳ್ಳಿ. 2440 ಮಿಮೀ ಹಾಳೆಯಿಂದ 610ರ ನಾಲ್ಕು ತುಂಡು ಬರುತ್ತವೆ ಎಂದು ಭಾಗಾಕಾರ ಹೇಳುತ್ತದೆ. ಆದರೆ ಮೂರು ಕೊಯ್ತಕ್ಕೆ ಬ್ಲೇಡು 3 ಮಿಮೀಯಂತೆ 9 ಮಿಮೀ ತಿನ್ನುತ್ತದೆ: 2440 + 9 = 2449 > 2440. ಕೊನೆಯ ತುಂಡು 601 ಆಗುತ್ತದೆ. 600ರ ನಾಲ್ಕಾದರೆ ಕೊನೆಗೆ ಚೂರು ಉಳಿಯುವುದರಿಂದ ನಾಲ್ಕು ಕೊಯ್ತ: 2412 < 2440, ಧಾರಾಳ.

ಸ್ಕ್ರೂಗೂ ಇದೇ ಲೆಕ್ಕ. ಎರಡು 18ರ ಹಲಗೆಗಳನ್ನು ಮುಖಕ್ಕೆ ಮುಖ ಸೇರಿಸುವಾಗ 35 < 36 ಎಂದು 35ರ ಸ್ಕ್ರೂ ಹಾಕಿದರೆ, ತಲೆ 2 ಮಿಮೀ ಒಳಗಿಳಿದಾಗ ಮೊನೆ 1 ಮಿಮೀ ಆಚೆ ಬರುತ್ತದೆ. 30ರದ್ದು ಹಾಕಿ.