ಮ್ಯಾಪಿನ ಕೆಂಪು ಬಣ್ಣ ಯಾವ ಎತ್ತರದ್ದು?

ಶಿರಸಿಯ ಓದುಗರೊಬ್ಬರು ಟಿವಿ ಪರದೆಯ ಫೋಟೋ ಸಮೇತ ಬರೆದಿದ್ದಾರೆ: "2025ರ ನವೆಂಬರಿನಲ್ಲಿ ಇಥಿಯೋಪಿಯಾದ ಜ್ವಾಲಾಮುಖಿಯ ಬೂದಿ ದೆಹಲಿಗೆ ಬಂತು ಅಂತ ಈ ಕೆಂಪು ಮ್ಯಾಪ್ ತೋರಿಸಿದರು. ಮಗಳು ಅಲ್ಲೇ ಓದುತ್ತಿದ್ದಾಳೆ. ಗಾಬರಿಯಾಗಿ ಫೋನ್ ಮಾಡಿದರೆ ಏನೂ ಕಾಣಿಸ್ತಿಲ್ಲ ಅಂದಳು. ಇದು ಬೂದಿಯೋ ಅನಿಲವೋ? ಬಣ್ಣವೇ ಇಲ್ಲದ ಅನಿಲ ಉಪಗ್ರಹಕ್ಕೆ ಕಾಣುವುದು ಹೇಗೆ? ನಮ್ಮ ಮಳೆಗಾಲಕ್ಕೆ ಏನಾದರೂ ತೊಂದರೆಯೇ?"

ಮಗಳು ಹೇಳಿದ್ದೂ ಸರಿ, ಮ್ಯಾಪೂ ಸುಳ್ಳಲ್ಲ. ಎರಡೂ ನಿಜವಾಗಲು ಒಂದೇ ಕಾರಣ, ಎತ್ತರ. ಆ ಒಂದು ಮಾತು ಹೇಳಿದ್ದರೆ ನಿಮ್ಮಂಥ ಎಷ್ಟೋ ಅಪ್ಪ ಅಮ್ಮಂದಿರ ಗಾಬರಿ ತಪ್ಪುತ್ತಿತ್ತು.

ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರದೇಶದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಬೂದಿ ಮತ್ತು ಅನಿಲ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಎದ್ದವು. ಅಲ್ಲಿ ಪಶ್ಚಿಮದಿಂದ ಬೀಸುವ ಜೋರು ಗಾಳಿ ಅವನ್ನು ಎತ್ತಿಕೊಂಡು ಕೆಂಪು ಸಮುದ್ರ, ಯೆಮನ್, ಒಮಾನ್ ದಾಟಿ, ರಾಜಸ್ಥಾನದ ಮೇಲೆ ಹಾದು 24ರ ರಾತ್ರಿಗೆ ದೆಹಲಿಯ ಮೇಲೆ ತಂದಿತು. ಮರುದಿನ ಚೀನಾ ಕಡೆ ಹೋಯಿತು. ನಮ್ಮ ಕರ್ನಾಟಕ ಆ ದಾರಿಯಲ್ಲಿ ಇರಲಿಲ್ಲ. ಆದರೆ ಪಕ್ಕದ ಕಣ್ಣೂರಿನಿಂದ ಅಬುಧಾಬಿಗೆ ಹೊರಟ ವಿಮಾನ ಅಹಮದಾಬಾದಿನಲ್ಲಿ ಇಳಿಯಬೇಕಾಯಿತು.

ಈಗ ನೀವು ಕಳಿಸಿದ ಫೋಟೋ. ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಎಸ್‌ಒ2' ಅಂತಿದೆ, ಬಣ್ಣದ ಪಟ್ಟಿಯ ಪಕ್ಕ 'ಡಿಯು' ಅಂತಿದೆ. ಅಂದರೆ ಇದು ಬೂದಿಯ ಮ್ಯಾಪೇ ಅಲ್ಲ, ಸಲ್ಫರ್ ಡೈಆಕ್ಸೈಡ್ ಅನಿಲದ್ದು. ಡಿಯು ಅಂದರೆ ಡಾಬ್ಸನ್ ಯೂನಿಟ್. ನೆಲದಿಂದ ಆಕಾಶದ ತುದಿವರೆಗೆ ಹರಡಿಕೊಂಡಿರುವ ಅನಿಲವನ್ನೆಲ್ಲ ಸಮುದ್ರಮಟ್ಟದ ಒತ್ತಡದಲ್ಲಿ, ಸೊನ್ನೆ ಡಿಗ್ರಿಯಲ್ಲಿ ನೆಲಕ್ಕೆ ಹಾಸಿದರೆ ಎಷ್ಟು ದಪ್ಪ ಆಗುತ್ತೋ ಅದರ ಲೆಕ್ಕ. ಒಂದು ಯೂನಿಟ್ಟಿಗೆ 0.01 ಮಿಲಿಮೀಟರ್. ಹತ್ತು ಯೂನಿಟ್ ಆದರೂ ಒಂದು ನೋಟ್‌ಬುಕ್ ಹಾಳೆಯಷ್ಟು ದಪ್ಪ! ಆ ಅನಿಲ ನಿಮ್ಮ ಮಗಳ ಕಿಟಕಿ ಹತ್ತಿರ ಇದೆಯೋ ಹತ್ತು ಕಿಲೋಮೀಟರ್ ಮೇಲಿದೆಯೋ ಅನ್ನುವುದನ್ನು ಬಣ್ಣ ಹೇಳುವುದಿಲ್ಲ. ಈ ಸಲ ಇದ್ದದ್ದು ಮೇಲೆ, ವಿಮಾನ ಹಾರುವ ಎತ್ತರದಲ್ಲಿ. ನವೆಂಬರಿನಲ್ಲಿ ದೆಹಲಿಯವರ ಗಂಟಲು ಕೆರೆಯುವುದು ನೆಲದ ಹೊಗೆಯಿಂದ. ಮಗಳಿಗೆ ಮಾಸ್ಕ್ ಹಾಕಿಕೊಳ್ಳಲು ಹೇಳಿ, ಅದು ಆ ಹೊಗೆಗೆ.

ಬಣ್ಣವಿಲ್ಲದ ಅನಿಲ ಕಾಣುವುದು ಹೇಗೆ ಅಂದಿರಲ್ಲ, ನಮ್ಮ ಕಣ್ಣಿಗೆ ಬಣ್ಣವಿಲ್ಲ ಅಷ್ಟೇ. ಬಿಸಿಲಿನಲ್ಲಿರುವ ಅತಿನೇರಳೆ ಬೆಳಕಿನ ಕೆಲವು ಅಲೆಗಳನ್ನು ಈ ಅನಿಲ ಚೆನ್ನಾಗಿ ಹೀರುತ್ತದೆ. ಭೂಮಿಯಿಂದ ಮೇಲಕ್ಕೆ ವಾಪಸ್ ಹೋಗುವ ಬೆಳಕಿನಲ್ಲಿ ಆ ಅಲೆಗಳು ಎಷ್ಟು ಕಡಿಮೆ ಬಂದಿವೆ ಅಂತ ಉಪಗ್ರಹ ಅಳೆಯುತ್ತದೆ. ಇದು ಗೊತ್ತಾದ ಕಥೆ ನನಗೆ ತುಂಬಾ ಇಷ್ಟ. 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಸಿಡಿದಾಗ, ನಾಸಾದ ನಿಂಬಸ್-7 ಉಪಗ್ರಹದಲ್ಲಿ ಓಝೋನ್ ಅಳೆಯಲು ಇಟ್ಟಿದ್ದ ಟಾಮ್ಸ್ ಉಪಕರಣದ ಲೆಕ್ಕದಲ್ಲಿ ಅಲ್ಲಿ ಓಝೋನ್ ಸುಮ್ನೆ ಜಾಸ್ತಿ ಕಂಡಿತು. ನಾಸಾದ ವಿಜ್ಞಾನಿ ಆರ್ಲಿನ್ ಕ್ರೂಗರ್ ಅದನ್ನು ಉಪಕರಣದ ದೋಷ ಅಂತ ತಳ್ಳಿಹಾಕಲಿಲ್ಲ, ಇದು ಜ್ವಾಲಾಮುಖಿಯ ಸಲ್ಫರ್ ಡೈಆಕ್ಸೈಡ್ ಅಂತ ಗುರುತಿಸಿದರು. ಇಂದಿನ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣವೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ, ಆದರೆ ಸುಮಾರು ಐದು ಕಿಲೋಮೀಟರಿನಷ್ಟು ಚಿಕ್ಕ ತುಂಡುಗಳಲ್ಲಿ ನೋಡುತ್ತದೆ. ತೊಂದರೆ ಏನಂದರೆ, ಇದಕ್ಕೆ ಬಿಸಿಲು ಬೇಕು, ಒಂದೊಂದು ಊರಿನ ಮೇಲೆ ದಿನಕ್ಕೊಮ್ಮೆ, ಅಲ್ಲಿನ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹಾಯುತ್ತದೆ. ರಾತ್ರಿ ದೆಹಲಿಗೆ ಬಂದ ಮೋಡ ಇದಕ್ಕೆ ಸಿಗುವುದು ಮರುದಿನವೇ.

ರಾತ್ರಿ ಕಾಯುವವರು ಬೇರೆ. 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತಿರುವ ನಮ್ಮ ಇನ್ಸಾಟ್‌ನಂಥ ಉಪಗ್ರಹಗಳು ನೆಲದಿಂದ ಏಳುವ ಶಾಖವನ್ನು ಹಗಲೂ ರಾತ್ರಿಯೂ ನೋಡುತ್ತಿರುತ್ತವೆ. ಸುಮಾರು 11 ಮತ್ತು 12 ಮೈಕ್ರೋಮೀಟರಿನ ಎರಡು ಅಲೆಗಳಲ್ಲಿ ಬೂದಿ ಹೀರುವ ರೀತಿ ಒಂದು, ನೀರು ಮತ್ತು ಹಿಮಕಣಗಳ ಮೋಡ ಹೀರುವ ರೀತಿ ಅದಕ್ಕೆ ಉಲ್ಟಾ. ಒಂದರಿಂದ ಇನ್ನೊಂದನ್ನು ಕಳೆದರೆ ಬೂದಿ ಬೇರೆಯಾಗುತ್ತದೆ. ವಿಮಾನದವರಿಗೆ ಮೊದಲು ಬೇಕಾದದ್ದು ಇದು. ಬೂದಿ ಅಂದರೆ ಕಲ್ಲು ಮತ್ತು ಗಾಜಿನ ಪುಡಿ, ಅದು ಎಂಜಿನ್ನಿನ ಬಿಸಿಗೆ ಕರಗಿ ಒಳಗೆ ಅಂಟಿಕೊಳ್ಳುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತಿದ್ದವು. ಕೆಳಗಿಳಿದ ಮೇಲೆ ಮತ್ತೆ ಶುರುವಾಗಿ, ಜಕಾರ್ತಾದಲ್ಲಿ ಎಲ್ಲರೂ ಬದುಕಿ ಇಳಿದರು. ಪೈಲಟ್‌ಗಳ ರಾಡಾರಿನಲ್ಲಿ ಬೂದಿ ಕಂಡಿರಲೇ ಇಲ್ಲ. ಈಗ ಇದನ್ನು ಕಾಯುವ ಒಂಬತ್ತು ಕೇಂದ್ರಗಳು ಜಗತ್ತಿನಲ್ಲಿವೆ, ಹೈಲಿ ಗುಬ್ಬಿಯ ಎಚ್ಚರಿಕೆ ಕೊಟ್ಟದ್ದು ಫ್ರಾನ್ಸಿನ ಟುಲೂಸ್ ಕೇಂದ್ರ.

ಬೂದಿ ಮತ್ತು ಅನಿಲ ಯಾವಾಗಲೂ ಜೊತೆಯಲ್ಲೇ ಹೋಗುತ್ತವೆ ಅಂದುಕೊಳ್ಳಬೇಡಿ. ಎತ್ತರ ಬೇರೆಯಾದರೆ ಗಾಳಿಯ ದಿಕ್ಕೂ ಬೇರೆ, ಬೂದಿ ಬೇಗ ಕೆಳಗೆ ಬೀಳುತ್ತದೆ. ಹಾಗಾಗಿ ಅನಿಲದ ಮ್ಯಾಪಿಗೆ 'ಬೂದಿ' ಅಂತ ಹೆಸರಿಟ್ಟು ತೋರಿಸುವುದು ತಪ್ಪು, ಸಣ್ಣ ತಪ್ಪಲ್ಲ.

ಇನ್ನು ಮಳೆಗಾಲ. ಈ ಅನಿಲ ನಿಧಾನವಾಗಿ ಸಲ್ಫ್ಯೂರಿಕ್ ಆಮ್ಲದ ಅತಿ ಸಣ್ಣ ಹನಿಗಳಾಗುತ್ತದೆ, ಏರೋಸಾಲ್ ಅನ್ನುವುದು ಇದನ್ನೇ. ಮಳೆ ಮೋಡಗಳ ಮಟ್ಟದಲ್ಲಿದ್ದರೆ ಕೆಲವು ದಿನ ಅಥವಾ ವಾರಗಳಲ್ಲಿ ತೊಳೆದುಹೋಗುತ್ತದೆ. ಅದಕ್ಕೂ ಮೇಲೆ, ಮಳೆ ತಲುಪದ ಸ್ತರಗೋಳಕ್ಕೆ ತುಂಬಾ ಅನಿಲ ಹೋದರೆ ಮಾತ್ರ ಹನಿಗಳು ವರ್ಷಗಟ್ಟಲೆ ನಿಂತು ಬಿಸಿಲನ್ನು ತಡೆಯುತ್ತವೆ. 1991ರ ಜೂನಿನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೋ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಅನಿಲವನ್ನು ಅಲ್ಲಿಗೆ ತಳ್ಳಿತು. ಮೋಡ ಮೂರು ವಾರದಲ್ಲಿ ಭೂಮಿ ಸುತ್ತಿದ್ದನ್ನು ಅದೇ ಟಾಮ್ಸ್ ನೋಡಿತು, ಮುಂದಿನ ವರ್ಷ ಜಗತ್ತಿನ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು. ಹೈಲಿ ಗುಬ್ಬಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮಳೆಯ ಬಗ್ಗೆ ಈ ಕಾರಣಕ್ಕೆ ನೀವು ಚಿಂತೆ ಮಾಡಬೇಕಿಲ್ಲ.

– ಸಂಪಾದಕ